ಆಂಟೆನಾದಲ್ಲಿ ಪಿಎಚ್‌ಡಿ ಮಾಡಬೇಕಾ? ಮಾಡಿದವರು, ಬಿಟ್ಟವರು ಹೇಳಿ

ಪ್ರಶ್ನೆ

ದಾವಣಗೆರೆಯಲ್ಲಿ ಎಂಟೆಕ್ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟು ಪ್ಯಾಚ್ ಆಂಟೆನಾ, ಅಂದರೆ ಬೋರ್ಡಿನ ಮೇಲೆ ತಾಮ್ರದ ಚಪ್ಪಟೆ ತುಂಡಿನಿಂದ ಮಾಡುವ ಆಂಟೆನಾ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿರುವ, ದೂರದ ಗಗನನೌಕೆಗಳ ಜೊತೆ ಮಾತಾಡುವ ಇಸ್ರೋದ 32 ಮೀಟರ್ ಡಿಶ್ ಬಗ್ಗೆ ಓದಿದಾಗಿನಿಂದ ಇದೇ ಹುಚ್ಚು. ಪಾಠ, ಸಂಶೋಧನೆ ಎರಡೂ ಮಾಡಿಕೊಂಡು ಇರಬೇಕು ಅಂತ ಆಸೆ. ಅಪ್ಪ ಮಾತ್ರ "ಮತ್ತೆ ಐದು ವರ್ಷ ಓದ್ತೀಯಾ, ಆಮೇಲೇನಮ್ಮ?" ಅಂತಾರೆ. ನನ್ನ ಹತ್ತಿರ ಉತ್ತರವಿಲ್ಲ. ಗಣಿತವೂ ಅಷ್ಟಕ್ಕಷ್ಟೆ. ಇದ್ದದ್ದು ಇದ್ದ ಹಾಗೆ ಹೇಳಿ.

ಖಾಸಗಿ ಕಾಲೇಜಿನ ಅಧ್ಯಾಪಕಿ

ನಾನು ಕೆಲಸ ಮಾಡುತ್ತಲೇ ಪಿಎಚ್‌ಡಿ ಮುಗಿಸಿದವಳು. ಏಳು ವರ್ಷ ಹಿಡಿಯಿತು.

ನನ್ನ ಮೊದಲ ಪ್ಯಾಚು ಸಾಫ್ಟ್‌ವೇರಿನಲ್ಲಿ 2.45 ಗಿಗಾಹರ್ಟ್ಸ್‌ಗೆ ಸರಿಯಾಗಿ ಕೂತಿತ್ತು. ಎಫ್ಆರ್4 ಅನ್ನುವ ಮಾಮೂಲಿ ಸರ್ಕ್ಯೂಟ್ ಬೋರ್ಡಿನಲ್ಲಿ ಮಾಡಿಸಿದೆ. ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಕೂತಿದೆ ಅಂತ ಅಳೆಯುವ ನೆಟ್‌ವರ್ಕ್ ಅನಲೈಸರ್ ಆಗ ನಾನಿದ್ದ ಕಾಲೇಜಿನಲ್ಲಿ ಇರಲಿಲ್ಲ. ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಯಾರದೋ ಲ್ಯಾಬಿನ ಬಾಗಿಲಲ್ಲಿ ಕಾದು, ಒಂದು ಗಂಟೆ ಗಿಟ್ಟಿಸಿಕೊಂಡೆ. ಅಳೆದರೆ 2.37! ಸಾಲದ್ದಕ್ಕೆ ಕೇಬಲ್ ಮುಟ್ಟಿದರೆ ಸಾಕು, ಗ್ರಾಫ್ ಕುಣಿಯುತ್ತಿತ್ತು. ನನ್ನ ಲೆಕ್ಕವೇ ತಪ್ಪು ಅಂತ ರಾತ್ರಿಯೆಲ್ಲ ಅತ್ತಿದ್ದೇನೆ.

ಲೆಕ್ಕ ಸರಿಯಾಗಿತ್ತು. ಬೋರ್ಡು ಬೇರೆಯಾಗಿತ್ತು. ಬೋರ್ಡಿನ ವಸ್ತುವಿಗೊಂದು ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಇರುತ್ತದೆ, ಅದು ಹೆಚ್ಚಾದರೆ ಆಂಟೆನಾದ ಫ್ರೀಕ್ವೆನ್ಸಿ ಕೆಳಗೆ ಜಾರುತ್ತದೆ. ಸಾಫ್ಟ್‌ವೇರಿಗೆ ನಾನು ಕೊಟ್ಟದ್ದು 4.4. ಕೈಗೆ ಬಂದ ಬೋರ್ಡಿನದ್ದು 4.7ರ ಹತ್ತಿರ. ಅಗ್ಗದ ಬೋರ್ಡು, ಒಂದು ಲಾಟಿನಂತೆ ಇನ್ನೊಂದು ಇರುವುದಿಲ್ಲ. ಇನ್ನು ಕೇಬಲ್: ನನ್ನ ಗ್ರೌಂಡ್ ಪ್ಲೇನ್, ಅಂದರೆ ಬೋರ್ಡಿನ ಹಿಂದಿನ ತಾಮ್ರದ ಹಾಳೆ, ತೀರಾ ಚಿಕ್ಕದು. ಕೇಬಲ್ಲಿನ ಹೊರಮೈ ಮೇಲೂ ಕರೆಂಟ್ ಹರಿದು, ಅದೂ ಆಂಟೆನಾದ ಭಾಗವೇ ಆಗಿಬಿಟ್ಟಿತ್ತು. ಇಷ್ಟು ಗೊತ್ತಾಗಲು ಇನ್ನೂ ಮೂರು ಸಲ ಬಸ್ ಹತ್ತಬೇಕಾಯಿತು.

ಅದಕ್ಕೇ ಹೇಳುವುದು, ಗೈಡ್ ಹುಡುಕುವಾಗ ಅವರ ಪೇಪರ್ ಎಣಿಸಬೇಡಿ. "ಅಳೆಯುವುದು ಎಲ್ಲಿ?" ಅಂತ ಕೇಳಿ. ಅನಲೈಸರ್ ಇದೆಯಾ, ಅನೆಕೋಯಿಕ್ ಚೇಂಬರ್ (ರೇಡಿಯೋ ಅಲೆ ಗೋಡೆಗೆ ಬಡಿದು ವಾಪಸ್ ಬರದಂತೆ ಮಾಡಿದ ಕೋಣೆ) ಯಾರದು, ಸರದಿ ಎಷ್ಟು ದಿನಕ್ಕೆ ಬರುತ್ತದೆ. ಹಳೆಯ ವಿದ್ಯಾರ್ಥಿಗಳನ್ನು ಬೇರೆಯಾಗಿ ಕೇಳಿ, ಚಹಾ ಕುಡಿಸಿ ಕೇಳಿ.

ಕೆಲಸದ ಜೊತೆ ಮಾಡುವ ಯೋಚನೆ ಇದ್ದರೆ ಇನ್ನೊಂದು ಮಾತು. ನನ್ನ ಆ ಹಳೆಯ ಕಾಲೇಜಿನಲ್ಲಿ ವಾರಕ್ಕೆ 16 ಗಂಟೆ ಕ್ಲಾಸು. ಅಡ್ಮಿಷನ್ ಕಾಲದಲ್ಲಿ ಮನೆಮನೆಗೆ ಫೋನ್ ಮಾಡಿ ಹುಡುಗರನ್ನು ಕರೆಯುವ ಕೆಲಸವೂ ನಮ್ಮದೇ. ಫುಲ್‌ಟೈಮ್ ಸಿಕ್ಕಿದರೆ ಅದನ್ನೇ ಮಾಡಿ.

ಫುಲ್‌ಟೈಮ್ ಮಾಡಿ ಈಗ ರೇಡಾರ್ ಕೆಲಸದಲ್ಲಿರುವವನು

ಮೇಡಂ ಹೇಳಿದ್ದು ನಿಜ. ನಿಮ್ಮ ಅಪ್ಪನಿಗೆ ಮೊದಲು ದುಡ್ಡಿನ ಲೆಕ್ಕ ಹೇಳಿ. 2023ರಲ್ಲಿ ಏರಿಸಿದ ಮೇಲೆ ಪಿಎಚ್‌ಡಿ ಮಾಡುವವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆಗಿ 42,000. ಮನೆ ಬಾಡಿಗೆ ಭತ್ಯೆ ಬೇರೆ. ಶ್ರೀಮಂತರಾಗುವುದಿಲ್ಲ, ಆದರೆ ಮನೆಗೆ ಕೈಚಾಚಬೇಕಾಗಿಯೂ ಇಲ್ಲ. ಸುಮ್ನೆ ಗೇಟ್ ಪರೀಕ್ಷೆ ಚೆನ್ನಾಗಿ ಬರೆಯಿರಿ.

ವಿಷಯ ಆರಿಸುವಾಗ ಜಾಸ್ತಿ ಎಚ್ಚರ ಬೇಕು. ಪ್ಯಾಚಿನಲ್ಲಿ ಇನ್ನೊಂದು ಸೀಳು ಕೊರೆದು, ಎಸ್11 (ಕೊಟ್ಟ ಸಿಗ್ನಲ್ಲಿನಲ್ಲಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) ಮೈನಸ್ 30 ಡಿಬಿ ಬಂತು ಅಂತ ಬರೆಯುವ ಪೇಪರ್ ಬೇಕಾದಷ್ಟಿವೆ. 50 ಓಮ್‌ನ ಒಂದು ರೆಸಿಸ್ಟರ್ ಹಚ್ಚಿದರೂ ಎಸ್11 ಅಷ್ಟೇ ಚೆನ್ನಾಗಿ ಬರುತ್ತದೆ, ಅಲ್ವಾ? ಅದು ಏನನ್ನೂ ಪ್ರಸಾರ ಮಾಡುವುದಿಲ್ಲ, ಸುಮ್ಮನೆ ಬಿಸಿಯಾಗುತ್ತದೆ. ಇಂಟರ್‌ವ್ಯೂನಲ್ಲಿ ನನಗೆ ಕೇಳಿದ್ದೂ ಗೇನ್ (ಒಂದು ದಿಕ್ಕಿಗೆ ಎಷ್ಟು ಬಲವಾಗಿ ಕಳಿಸುತ್ತದೆ), ಎಫಿಶಿಯೆನ್ಸಿ (ಕೊಟ್ಟದ್ದರಲ್ಲಿ ಎಷ್ಟು ಪ್ರಸಾರವಾಗುತ್ತದೆ) ಎಷ್ಟು, ಹೇಗೆ ಅಳೆದಿರಿ ಅಂತಲೇ.

ಅಳೆಯುವುದೇ ಒಂದು ಸಂಶೋಧನೆಯ ವಿಷಯ. 1 ಮೀಟರ್ ಅಗಲದ ಡಿಶ್ಶನ್ನು 10 ಗಿಗಾಹರ್ಟ್ಸ್‌ನಲ್ಲಿ ನೇರವಾಗಿ ಅಳೆಯಬೇಕೆಂದರೆ ಸುಮಾರು 67 ಮೀಟರ್ ದೂರ ನಿಲ್ಲಬೇಕು. ಅಷ್ಟು ಉದ್ದದ ಕೋಣೆ ಯಾರ ಹತ್ತಿರ ಇದೆ? ಅದಕ್ಕೇ ಹತ್ತಿರದಿಂದಲೇ ಅಳೆದು, ಗಣಿತದಿಂದ ದೂರದ ಚಿತ್ರ ತೆಗೆಯುತ್ತಾರೆ. ಇದು ಬಲ್ಲವರನ್ನು ಬೆಂಗಳೂರಿನಲ್ಲಿ ಇಸ್ರೋ, ಡಿಆರ್‌ಡಿಒದ ರೇಡಾರ್ ಲ್ಯಾಬ್ ಎಲ್‌ಆರ್‌ಡಿಇ, ರಕ್ಷಣಾ ಎಲೆಕ್ಟ್ರಾನಿಕ್ಸ್ ಮಾಡುವ ಬಿಇಎಲ್ ಕಡೆ ಕೇಳುವವರಿದ್ದಾರೆ.

ನಿವೃತ್ತ ಮೇಷ್ಟ್ರು

ಗಣಿತ ಅಷ್ಟಕ್ಕಷ್ಟೆ ಅಂದೆಯಲ್ಲ ತಾಯಿ, ಅದನ್ನು ಈಗಲೇ ಸರಿಮಾಡಿಕೋ. ವೆಕ್ಟರ್ ಕ್ಯಾಲ್ಕುಲಸ್, ಫೂರಿಯೇ, ಆಮೇಲೆ ಬೆಸೆಲ್ ಫಂಕ್ಷನ್. ಬೆಳಿಗ್ಗೆ ಒಂದು ಗಂಟೆ, ಪೆನ್ಸಿಲ್ ಹಿಡಿದು. ಆಂಟೆನಾವನ್ನು ಕೇಬಲ್ಲಿಗೆ ಹೊಂದಿಸುವ ಲೆಕ್ಕಕ್ಕೆ ಬಳಸುವ ಸ್ಮಿತ್ ಚಾರ್ಟನ್ನೂ ಕೈಯಲ್ಲೇ ತುಂಬು.

ನಮ್ಮಲ್ಲಿ ಈ ವಿದ್ಯೆ ಬೆಳೆಸಿದ ರಾಜೇಶ್ವರಿ ಚಟರ್ಜಿಯವರು ಬಂದದ್ದು ಎಂಜಿನಿಯರಿಂಗ್‌ನಿಂದ ಅಲ್ಲ, ಗಣಿತದಿಂದ. ಸೆಂಟ್ರಲ್ ಕಾಲೇಜಿನ ಎಂಎಸ್ಸಿ. ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ವಾಪಸ್ ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ, ಅಧ್ಯಾಪಕಿಯಾದರು. ಅಲ್ಲಿ ಮೈಕ್ರೋವೇವ್ ಸಂಶೋಧನೆಯ ಲ್ಯಾಬ್ ಕಟ್ಟಿದರು, ಆಂಟೆನಾ ಬಗ್ಗೆ ಪುಸ್ತಕ ಬರೆದರು. 1982ರವರೆಗೂ ಅಲ್ಲೇ ಇದ್ದರು. ಅಪ್ಪನಿಗೆ ಈ ಹೆಸರೂ ಹೇಳು.

ಮೂರು ವರ್ಷಕ್ಕೆ ಬಿಟ್ಟವನು

ಎಲ್ಲರೂ ಹೋಗು ಹೋಗು ಅಂತಿದ್ದಾರೆ. ನಾನು ಸ್ವಲ್ಪ ತಡೆಯುತ್ತೇನೆ. ಕ್ಯಾಂಪಸ್ಸಿನಲ್ಲಿ ಕೆಲಸ ಸಿಗಲಿಲ್ಲ ಅಂತ ಪಿಎಚ್‌ಡಿ ಸೇರಿದೆ. ನನ್ನ ಗೈಡ್ ವರ್ಷದಲ್ಲಿ ಎರಡು ಸಲ ಮುಖ ತೋರಿಸುತ್ತಿದ್ದರು. ಮೂರು ವರ್ಷ ಬರೀ ಸಿಮ್ಯುಲೇಷನ್, ಎಲ್ಲ ಕಂಪ್ಯೂಟರಿನಲ್ಲೇ. ಬಿಟ್ಟು ವೈಫೈ ಸಾಧನ ಮಾಡುವ ಕಂಪನಿ ಸೇರಿದೆ, ಈಗ ಅಲ್ಲೇ ದಿನವೂ ಆಂಟೆನಾ ಅಳೆಯುತ್ತೇನೆ! ಒಳ್ಳೆಯ ಸಂಸ್ಥೆಗಳಲ್ಲಿ ಅಧ್ಯಾಪಕರ ಹುದ್ದೆ ಕಡಿಮೆ, ಕಾಯುವವರು ಬಹಳ. ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಪಿಎಚ್‌ಡಿಗೆ ಹೋದರೆ ಏನೂ ಕಳೆದುಹೋಗುವುದಿಲ್ಲ.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ನನ್ನ ಪ್ಯಾಚನ್ನು ಇವತ್ತಿನವರೆಗೂ ಅಳೆದೇ ಇಲ್ಲ ಅಂತ ಓದುವಾಗ ಹೊಳೆಯಿತು. ರಿಪೋರ್ಟಿನಲ್ಲಿ ಬರೀ ಸಿಮ್ಯುಲೇಷನ್ನಿನ ಬಣ್ಣದ ಚಿತ್ರಗಳಿವೆ. ಮೇಡಂ, ಒಂದು ದಿನ ನಿಮ್ಮ ಲ್ಯಾಬಿಗೆ ಬರಬಹುದಾ?

ಖಾಸಗಿ ಕಾಲೇಜಿನ ಅಧ್ಯಾಪಕಿ

ಬನ್ನಿ, ಶನಿವಾರ ಮಧ್ಯಾಹ್ನ ಖಾಲಿ ಇರುತ್ತದೆ. ಈಗಿರುವ ಕಾಲೇಜಿನಲ್ಲಿ ಅನಲೈಸರ್ ಇದೆ. ಬರುವಾಗ ಕೇಬಲ್ ಜೋಡಿಸಲು ಎರಡು ಎಸ್‌ಎಂಎ ಕನೆಕ್ಟರ್ ತನ್ನಿ, ನಮ್ಮಲ್ಲಿ ಮುಗಿದಿವೆ.