ಈ ಎರಡು ಪೋಸ್ಟ್‌ಕಾರ್ಡ್‌ನಲ್ಲಿ ಇರೋದು ಒಂದೇ ಹಡಗಾ?

ಕಲಬುರಗಿ_ಪೋರ: ಸೂಪರ್ ಮಾರ್ಕೆಟ್ ಹತ್ತಿರ ರದ್ದಿ ಅಂಗಡಿಯಲ್ಲಿ ಎರಡು ಪೋಸ್ಟ್‌ಕಾರ್ಡ್ ಸಿಕ್ಕವು. ಒಂದರಲ್ಲಿ ಕಪ್ಪು ಹಡಗು, ಕೆಂಪು ಹೊಗೆ ಕೊಳವೆ, ಹೆಸರು ‘ಫ್ರಾನ್ಸ್’. ಇನ್ನೊಂದು ನೀಲಿ, ‘ನಾರ್ವೆ’ ಅಂತಿದೆ. ಎರಡರಲ್ಲೂ ಕೊಳವೆಗೆ ರೆಕ್ಕೆ ಇವೆ. ಒಂದೇ ಅಲ್ವಾ? ನೀಲಿದು ಯಾವ ಕಾಲದ್ದು?

ಹಳೇ_ಅಂಚೆ: ಒಂದೇ ರೀ. 1962ರಿಂದ ಫ್ರಾನ್ಸ್–ನ್ಯೂಯಾರ್ಕ್ ಓಡಾಡುತ್ತಿತ್ತು. ಆ ರೆಕ್ಕೆ ಸುಮ್ನೆ ಅಂದಕ್ಕಲ್ಲ, ಹೊಗೆ ಡೆಕ್ ಮೇಲೆ ಬೀಳದೆ ಪಕ್ಕಕ್ಕೆ ಹೋಗಲಿ ಅಂತ. ವಿಮಾನ ಬಂದು ಜನ ಕಮ್ಮಿಯಾದರು, ಎಣ್ಣೆ ರೇಟು ಏರಿತು, ಸರ್ಕಾರ ದುಡ್ಡು ಕೊಡೋದು ನಿಲ್ಲಿಸಿತು, 1974ರಲ್ಲಿ ಹಡಗೂ ನಿಂತಿತು. 1979ರಲ್ಲಿ ನಾರ್ವೆಯವರು ಕೊಂಡು, ಮರುವರ್ಷ ಮಯಾಮಿಯಿಂದ ಕ್ರೂಸ್ ಶುರು ಮಾಡಿದರು.

ಬಿಸಿಲೂರು_ಅಕ್ಕ: ನೀಲಿ ಕಾರ್ಡಿನಲ್ಲಿ ಮೇಲ್ಗಡೆ ನೋಡು ತಮ್ಮಾ. 1990ರಲ್ಲಿ ಎರಡು ಡೆಕ್ ಜಾಸ್ತಿ ಕಟ್ಟಿದರು, ನನ್ನ ಕೇಳಿದರೆ ಚೆಂದವೇ ಹೋಯ್ತು. ಅವು ಕಾಣದಿದ್ದರೆ ಅದಕ್ಕಿಂತ ಹಿಂದಿನ ಫೋಟೋ.

ಕಲಬುರಗಿ_ಪೋರ: ಕಾಣಲ್ಲ ಅಕ್ಕಾ! ಮುಂದ್ಗಡೆ ಎರಡು ದೊಡ್ಡ ದೋಣಿ ಇವೆ.

ಹಳೇ_ಅಂಚೆ: ಅವು ಜನರನ್ನು ದಡಕ್ಕೆ ಒಯ್ಯೋಕೆ. 300 ಮೀಟರ್ ಮೀರಿದ ಹಡಗು, ಸಣ್ಣ ದ್ವೀಪದ ಬಂದರಿಗೆ ಎಲ್ಲಿ ಹೋಗಬೇಕು? ಕೊನೆಗೆ 2006ರಲ್ಲಿ ‘ಬ್ಲೂ ಲೇಡಿ’ ಹೆಸರಲ್ಲಿ ಹಳೇ ಹಡಗು ಒಡೆಯೋ ಜಾಗ, ನಮ್ಮ ಗುಜರಾತಿನ ಅಲಂಗ್‌ಗೇ ಬಂತು. ಒಳಗೆ ಆರೋಗ್ಯಕ್ಕೆ ಕೆಟ್ಟದ್ದಾದ ಕಲ್ನಾರು (ಆಸ್ಬೆಸ್ಟಾಸ್) ಇದೆ ಅಂತ ಸುಪ್ರೀಂ ಕೋರ್ಟ್‌ವರೆಗೆ ಜಗಳ ಹೋಗಿ, 2007ರಲ್ಲಿ ಒಡೆಯೋಕೆ ಒಪ್ಪಿಗೆ ಸಿಕ್ಕಿತು.