ಕಡಿದರೆ ಮಾತ್ರ ಒಳಗೆ

ಜುಲೈ ತಿಂಗಳಲ್ಲಿ ಶಿವಮೊಗ್ಗದ ಮಕ್ಕಳು ದೇವರಿಗಿಂತ ಜಿಲ್ಲಾಧಿಕಾರಿಯನ್ನೇ ಹೆಚ್ಚು ನೆನೆಯುತ್ತಾರೆ. ನನ್ನ ಮಗಳು ಪುಟ್ಟಿಯನ್ನು ಇವತ್ತು ಯಾವ ತಿಥಿ ಅಂತ ಕೇಳಿ, ಕಣ್ಣುಕಣ್ಣು ಬಿಡುತ್ತಾಳೆ. ಆರೆಂಜ್ ಅಲರ್ಟ್ ಎಂದಿನವರೆಗೆ ಅಂತ ಕೇಳಿ, ಗಂಟೆ ಸಮೇತ ಹೇಳುತ್ತಾಳೆ. ಮೊನ್ನೆ ಮಳೆ ರಜೆಯ ಮೂರನೇ ದಿನ. ಬೆಳಿಗ್ಗೆ ಹೋದ ಕರೆಂಟು ಬಂದಿರಲಿಲ್ಲ. ಹನ್ನೊಂದಕ್ಕೆ ಟ್ಯಾಬ್ ಸತ್ತಿತು, ಹನ್ನೆರಡಕ್ಕೆ ನನ್ನ ಫೋನು. ಆಮೇಲೆ ಮನೆಯಲ್ಲಿ ಚಾರ್ಜ್ ಇದ್ದದ್ದು ಮಕ್ಕಳ ಗಂಟಲಿಗೆ ಮಾತ್ರ.

ಸಂಜೆ ಹೊತ್ತಿಗೆ ನಮ್ಮ ಹಜಾರದಲ್ಲಿ ಸಭೆ ಸೇರಿತ್ತು. ಮೈಸೂರಿನ ಶೀನ, ಮಗ ಚಿಂಟುವನ್ನು ನಮ್ಮಲ್ಲಿ ಬಿಟ್ಟು ಓಡಬೇಕು ಅಂತ ಬಂದು ಮಳೆಗೆ ಸಿಕ್ಕಿಬಿದ್ದವನು. ಧಾರವಾಡ ಕಡೆಯ ಬಸ್ಯಾ, ಈರುಳ್ಳಿ ಬಜ್ಜಿಯ ವಾಸನೆ ಹಿಡಿದು ಬಂದವನು. ಪಕ್ಕದ ಮನೆಯ ವಾರಿಜಕ್ಕ, ಉಡುಪಿಯವರು. ಕಂಕುಳಲ್ಲಿ ಎರಡು ವರ್ಷದ ಮೊಮ್ಮಗ. ಚರ್ಚೆಯ ವಿಷಯ ಒಂದೇ: ಈ ಮಕ್ಕಳನ್ನು ಎಂತ ಮಾಡುವುದು?

"ಚೀಟಿ ಆಟ ಆಡ್ಸಿ. ರಾಜ, ರಾಣಿ, ಮಂತ್ರಿ, ಕಳ್ಳ" ಅಂದ ಶೀನ.

"ಬೆಳಿಗ್ಗೇನೇ ಆಯ್ತು ಮಾರಾಯ. ನಿನ್ನ ಮಗ ಕಳ್ಳನ ಚೀಟಿಗೆ ಉಗುರಲ್ಲಿ ಗುರುತು ಮಾಡಿದ್ದ. ಆರು ಸಲ ಅವನೇ ರಾಜ."

"ಹೆಸರು-ಊರು-ಪ್ರಾಣಿ-ವಸ್ತು?"

"ಅದೂ ಆಯ್ತು. 'ಠ' ಬಂತು. ಊರು ಠಾಣೆ ಅಂತ ಬರೆದ್ರು. ಪ್ರಾಣಿಗೆ ಬಂದು ನಿಂತುಹೋಯ್ತು."

ಬಸ್ಯಾ ಬಜ್ಜಿಯಿಂದ ತಲೆ ಎತ್ತಿದ. "ಠಾಣೇದಾರ ಅಂತ ಬರೀಬೇಕಿತ್ತು."

ವಾರಿಜಕ್ಕನಿಗೆ ನಗು ಬರಲಿಲ್ಲ. "ನಮ್ಮಲ್ಲಿ ಆಟಿ ತಿಂಗಳು ಬಂದರೆ ಚೆನ್ನೆಮಣೆ ಇಳಿಸುದು. ಹದಿನಾಲ್ಕು ಗುಳಿ, ಒಂದೊಂದಕ್ಕೆ ನಾಲ್ಕು ಮಂಜೊಟ್ಟಿ. ಒಟ್ಟು 56 ಬೀಜ. ಮಳೆ ಹೊಯ್ಯುತ್ತಾ ಇರ್ಲಿ, ಎರಡು ಜನ ಕೂತರೆ ಸಂಜೆವರೆಗೆ ಮಾತಿಲ್ಲ ಕತೆಯಿಲ್ಲ."

"ನಮ್ಮ ಕಡೆ ಅಳಗುಳಿ ಮಣೆ ಅಂತೀವಿ" ಅಂದ ಶೀನ. "ಐದೈದು ಬೀಜ ಹಾಕೋದು, 70 ಆಗುತ್ತೆ."

"ಐದಾ? ಅದೆಂತ ಲೆಕ್ಕ! ನಾಲ್ಕೇ."

"ಐದು ಕಣಕ್ಕಾ."

ಆಟ ಇನ್ನೂ ಶುರುವಾಗಿಲ್ಲ, ಮಣೆ ಅಂತೂ ಊರಲ್ಲೇ ಇಲ್ಲ, ಆಗಲೇ ಜಗಳ. ನಾನು ಬಾಯಿ ಹಾಕಿದೆ. "ಪುಟ್ಟಿನೂ ಅವಳ ದೊಡ್ಡಮ್ಮನ ಮಗಳೂ ಆಡ್ಲಿ ಅಂತ ಒಂದು ಮಣೆ ತರ್ಸೋಣ ಅಂತಿದ್ದೆ."

"ಅಕ್ಕ ತಂಗಿ ಚೆನ್ನೆ ಆಡ್ಬಾರ್ದು ಮಾರಾಯ್ರೆ!" ವಾರಿಜಕ್ಕ ಎದೆಯ ಮೇಲೆ ಕೈಯಿಟ್ಟರು. "ನಮ್ಮ ತುಳು ಹಾಡುಗತೆ ಸಿರಿ ಪಾಡ್ದನದಲ್ಲಿ ಉಂಟಲ್ಲ, ಅಬ್ಬಗ ದಾರಗ ಅಂತ ಅವಳಿ ಅಕ್ಕತಂಗಿ. ಚೆನ್ನೆ ಆಡ್ತಾ ಆಡ್ತಾ ಜಗಳ ಬಂದು, ಒಬ್ಬಳು ಮಣೆ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆದೇ ಬಿಟ್ಟಳು. ಜೀವವೇ ಹೋಯ್ತು."

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.

"ಹಂಗಾದ್ರ ಮಣಿ ಬ್ಯಾಡ್ರಿ. ಕಾಗದದ ಮ್ಯಾಲಿನ ಆಟ ನೋಡ್ರಿ" ಅಂದ ಬಸ್ಯಾ.

ಶೀನನಿಗೆ ಮೈಸೂರು ಬಾಯಿಗೆ ಬರಲು ಇಷ್ಟು ಸಾಕಿತ್ತು. "ಕಾಗದದ ಆಟ ಅಂದ್ರೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಕಣ್ರಯ್ಯಾ. ಚದುರಂಗದ ಕುದುರೆ 64 ಮನೇನೂ ಒಂದೊಂದೇ ಸಲ ಮುಟ್ಟಿ ಬರೋ ಹಾಗೆ ಲೆಕ್ಕ ಕಟ್ಟಿದ್ರು. ಗಂಜೀಫಾ ಎಲೆಯಾಟ ಎಷ್ಟು ಬಗೆ ಮಾಡಿದ್ರು ಅಂದ್ರೆ, ಎಲ್ಲಕ್ಕಿಂತ ದೊಡ್ಡದಕ್ಕೆ 360 ಎಲೆ! ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಅನ್ನೋ ಭಾಗದ ತುಂಬ ಆಟಾನೇ."

"360? ನಮ್ಮನೆಯ 52ರ ಕಟ್ಟಿನಲ್ಲಿ ಇಸ್ಪೀಟು ರಾಣಿ ಕಾಣೆಯಾಗಿ ಮೂರು ವರ್ಷ ಆಯ್ತು. ಅವಳ ಜಾಗದಲ್ಲಿ ವಿಸಿಟಿಂಗ್ ಕಾರ್ಡ್ ಇಟ್ಟು ಆಡ್ತಿದ್ದೀವಿ" ಅಂದೆ.

"ರಾಜರಿಗೆ ರಾಜ್ಯಭಾರ ಇರಲಿಲ್ಲೇನು?" ಬಸ್ಯಾ ಕೇಳಿದ.

"1831ರಲ್ಲಿ ಬ್ರಿಟಿಷರು ಆಡಳಿತಾನೇ ಕಿತ್ಕೊಂಡ್ರಲ್ಲ."

"ಹಂಗನ್ನು. ಅವರಿಗೂ ರಜಾ ಇತ್ತು."

ಕೊನೆಗೆ ಎಲ್ಲರೂ ಒಪ್ಪಿದ್ದು ಚೌಕಾಬಾರ. ಒಪ್ಪಿದ್ದು ಅಂದೆನೇ? ಹೆಸರಿನ ಮಟ್ಟಿಗೆ ಅಷ್ಟೇ. ಬರೆಯಲು ಹೋದರೆ ನಮ್ಮ ಟೈಲ್ಸ್ ಮೇಲೆ ಸೀಮೆಸುಣ್ಣ ಹತ್ತಲಿಲ್ಲ. ಜಾರುತ್ತದೆ, ಕಿರ್ರೆನ್ನುತ್ತದೆ, ಗೆರೆ ಮೂಡುವುದಿಲ್ಲ. ಗೃಹಪ್ರವೇಶದ ದಿನ ಎಲ್ಲರೂ ಕೈಯಾಡಿಸಿ ಹೊಗಳಿದ ನೆಲ ಇದೇ. ಗಾರೆ ನೆಲವಿದ್ದ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಹಳೇ ಕ್ಯಾಲೆಂಡರಿನ ಬೆನ್ನಿಗೆ 25 ಮನೆ ಬರೆದು, ನಾಲ್ಕೂ ಬದಿಯ ನಡುಮನೆಗೆ ಕಾಟು ಹೊಡೆದು ಕಟ್ಟೆ ಮಾಡಿದೆವು.

ಕವಡೆ ಎಲ್ಲಿ? ಇಲ್ಲ. ನಾನು ಅಡುಗೆಮನೆಯಿಂದ ನಾಲ್ಕು ಹುಣಿಸೆ ಬೀಜ ತಂದು ಮಕ್ಕಳನ್ನು ಹಿತ್ತಲ ಬಟ್ಟೆ ಒಗೆಯುವ ಕಲ್ಲಿಗೆ ಕರೆದುಕೊಂಡು ಹೋದೆ, ಸೂರಿನ ಕೆಳಗೆ. ಬೀಜವನ್ನು ಹೆಬ್ಬೆಟ್ಟಿನಡಿ ಒತ್ತಿ ಕಲ್ಲಿಗೆ ಉಜ್ಜಬೇಕು. ಮೊದಲು ಕಂದು ಸಿಪ್ಪೆ ಮಸುಕಾಗುತ್ತದೆ, ಆಮೇಲೆ ನಡುವೆ ಸಾಸಿವೆಯಷ್ಟು ಬಿಳಿ ಕಾಣುತ್ತದೆ, ಅದು ಹಿಗ್ಗಿ ಹಿಗ್ಗಿ ಇಡೀ ಮುಖ ಬೆಳ್ಳಗಾಗುತ್ತದೆ. ಒಂದು ಬದಿ ಬಿಳಿ, ಒಂದು ಬದಿ ಕಪ್ಪು. ಕವಡೆಗೆ ಇಷ್ಟೇ ತಾನೇ ಬೇಕಾದದ್ದು? ಪುಟ್ಟಿ ಎರಡು ನಿಮಿಷಕ್ಕೇ "ಅಪ್ಪಾ, ಬಿಸಿ!" ಅಂದಳು. ನನ್ನ ತಲೆಯಲ್ಲಿ ನಲವತ್ತು ವರ್ಷದ ಹಿಂದಿನ ದೀಪ ಹತ್ತಿತು. ಇನ್ನೆರಡು ಉಜ್ಜು ಉಜ್ಜಿ, ಒಳಗೆ ಹೋಗಿ ಶೀನನ ಕುತ್ತಿಗೆಗೆ ಇಟ್ಟೆ. ಅವನು ಕೂಗಿದ ಕೂಗಿಗೆ ವಾರಿಜಕ್ಕನ ಮೊಮ್ಮಗ ಎದ್ದು ಕೂತ. ಮೂರು ದಿನದಲ್ಲಿ ಮಕ್ಕಳು ನನ್ನನ್ನು ಗೌರವದಿಂದ ನೋಡಿದ್ದು ಆಗ ಒಂದೇ ಸಲ.

ಆ ಮೊಮ್ಮಗನದು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಬೀಜ, ಬಟನ್ನು ಅವನ ಹತ್ತಿರ ಸುಳಿಯಬಾರದು ಅಂತ ಅವನಿಗೊಂದು ಸ್ಟೀಲ್ ಡಬ್ಬಿ, ಸೌಟು ಕೊಟ್ಟು ಮೂಲೆಯಲ್ಲಿ ಕೂರಿಸಿದೆವು. ಆಟಕ್ಕೆ ಹಿನ್ನೆಲೆ ವಾದ್ಯವೂ ಆಯಿತು.

ಕಾಯಿಗಳು: ವಾರಿಜಕ್ಕನದು ಬಳೆ ಚೂರು, ಶೀನನದು ಅಂಗಿ ಗುಂಡಿ, ಬಸ್ಯಾನದು ಪೆನ್ನಿನ ಮುಚ್ಚಳ, ಪುಟ್ಟಿಯದು ನಾಲ್ಕು ಶೇಂಗಾ ಬೀಜ. ಚಿಂಟು ಅಂಪೈರು, ಕೈಯಲ್ಲಿ ನೋಟ್‌ಬುಕ್ಕು.

ನೋಟ್‌ಬುಕ್ಕಿಗೆ ಕೆಲಸ ತಕ್ಷಣ ಬಂತು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಎಸೆಯಬಹುದು. ಇಲ್ಲಿಯವರೆಗೆ ಕರ್ನಾಟಕದ ಏಕೀಕರಣ ಆಗಿತ್ತು. ಮೂರು ಸಲ ಬಾರ ಬಿದ್ದರೆ?

"ಸುಟ್ಟೋಯ್ತು" ಅಂದ ಶೀನ.

"ಯಾಕ ಸುಡಬೇಕು? ನಮ್ಮವ್ವ ಐದು ಸಲ ಹೊಡೀತಿದ್ಲು, ಐದೂ ನಡಸ್ತಿದ್ಲು."

"ನಿಮ್ಮವ್ವ ಮೋಸ ಮಾಡ್ತಿದ್ರು."

"ಏ, ಅವ್ವನ ಸುದ್ದಿಗೆ ಬರಬ್ಯಾಡ!"

ಒಂದು ನಿಯಮಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ: ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಡಿಯದವನು ಹೊರಗಿನ 16 ಮನೆಗಳನ್ನೇ ಸುತ್ತುತ್ತಿರಬೇಕು.

ಆಟ ಕಳೆಗಟ್ಟಿತು. ಶೀನ ಮಧ್ಯೆ ಮಧ್ಯೆ "ಇದ್ರಿಂದ ಮಕ್ಕಳಿಗೆ ಗಣಿತ ಬರುತ್ತೆ, ಏಕಾಗ್ರತೆ ಬರುತ್ತೆ" ಅನ್ನುತ್ತ, ಅದೇ ಏಕಾಗ್ರತೆಯಿಂದ ಮಗುಚಿದ ಬೀಜವನ್ನು ಮೊಣಕೈಯಲ್ಲಿ ತಿರುಗಿಸಲು ನೋಡಿದ. ಚಿಂಟು ಹಿಡಿದ. ಅಪ್ಪ ಮಗ ಐದು ನಿಮಿಷ ಕೂಗಾಡಿದರು. ಫೋನಿನ ಲೂಡೋ ಸಪ್ಪೆ ಅನಿಸುವುದು ಇದಕ್ಕೇ ಇರಬೇಕು. ಅದೂ ನಮ್ಮ ಪಚ್ಚೀಸಿಯ ಪೀಳಿಗೆಯೇ, ಇಂಗ್ಲೆಂಡಿಗೆ ಹೋಗಿ 1896ರಲ್ಲಿ ಪೇಟೆಂಟ್ ಪಡೆದು ಬಂದದ್ದು. ಆದರೆ ಫೋನಿನಲ್ಲಿ ದಾಳ ಬಿತ್ತು ಅಂದರೆ ಬಿತ್ತು. "ಕೈ ತಾಗ್ತು, ಇದು ಲೆಕ್ಕಕ್ಕಿಲ್ಲ" ಅಂತ ಯಾರ ಹತ್ತಿರ ಹೇಳುವುದು?

ಎಲ್ಲರೂ ಒಳಗೆ ಹೋದರು. ಬಸ್ಯಾ ಒಬ್ಬ ಮಾತ್ರ ಮುಕ್ಕಾಲು ಗಂಟೆಯಿಂದ ಹೊರಗೇ ಸುತ್ತುತ್ತಿದ್ದ. ಎರಡು ಬೇಕಾದಾಗ ಮೂರು, ಮೂರು ಬೇಕಾದಾಗ ಒಂದು. "ಹಂಪಿ ಕಲ್ಲಿನಾಗೂ ಆಟದ ಮನಿ ಕೊರದಾರ. ಅಲ್ಲಿ ಕಾವಲು ಕುಂತಾವರೂ ನನ್ನಂಗ ಹೊರಗ ಸುತ್ತಿ ಬ್ಯಾಸತ್ತಿರಬೇಕು" ಅಂತ ನಿಟ್ಟುಸಿರಿಟ್ಟ. ಪುಟ್ಟಿಯ ಮೂರು ಕಾಯಿ ನಟ್ಟನಡುವಿನ ಮನೆ ಸೇರಿ ಹಣ್ಣಾಗಿದ್ದವು. ನಾಲ್ಕನೆಯದಕ್ಕೆ ಒಂದೇ ಮನೆ ಬಾಕಿ. ಅವಳು ಬೀಜ ಎತ್ತಿ ಕೈಯಲ್ಲಿ ಕುಲುಕಿ, ಉಫ್ ಅಂತ ಊದಿ, ಎಸೆದಳು. ಒಂದು!

ಕಾಯಿ ನಡೆಸಲು ನೋಡಿದರೆ ಕಾಯಿ ಇಲ್ಲ.

ಎಲ್ಲರೂ ಬಸ್ಯಾನ ಕಡೆ ತಿರುಗಿದೆವು. ಅವನ ದವಡೆ ಮೆಲ್ಲಗೆ ಆಡುತ್ತಿತ್ತು. ಬಜ್ಜಿಯ ತಟ್ಟೆ ಯಾವಾಗಲೋ ಖಾಲಿಯಾಗಿ, ಕೈ ಪಕ್ಕಕ್ಕೆ ಸರಿದಿತ್ತು. ಸೌಟಿನವನು ಮೂಲೆಯಲ್ಲೇ ಇದ್ದ, ಪಾಪ.

"ಅಂಕಲ್ ನನ್ನ ಕಾಯಿ ತಿಂದ್ರು!"

ಬಸ್ಯಾ ಒಂದು ಕ್ಷಣ ಗಾಬರಿಯಾದ. ಆಮೇಲೆ ಮುಖದಲ್ಲಿ ಏನೋ ಹೊಳೆಯಿತು. "ತಿಂದಿಲ್ಲವ್ವಾ. ಕಡದೇನಿ. ಇನ್ನ ನನ್ನ ಒಳಗ ಬಿಡ್ರಿ."

"ಹಲ್ಲಲ್ಲಿ ಕಡಿದದ್ದು ಆಗುದಿಲ್ಲ!" ವಾರಿಜಕ್ಕ ಗುಡುಗಿದರು.

"ಯಾವುದರಲ್ಲಿ ಕಡಿಯಬೇಕು ಅಂತ ಪುಸ್ತಕದಾಗ ಐತೇನು? ಅಂಪೈರ್ರ, ನೋಡ್ರಿ."

ಚಿಂಟು ನೋಟ್‌ಬುಕ್ಕು ತಿರುವಿದ. ಇರಲಿಲ್ಲ. ಪೆನ್ಸಿಲ್ ಕಚ್ಚಿ ಯೋಚಿಸಿ, ನಿಧಾನಕ್ಕೆ ಬರೆದು, ಗಟ್ಟಿಯಾಗಿ ಓದಿದ: "ನಿಯಮ ಒಂಬತ್ತು. ಕಡಿದವರು ಕಾಯಿ ವಾಪಸ್ ಕೊಡಬೇಕು."

"ಅದು ಹಣ್ಣಾಗ್ತಿತ್ತು!" ಪುಟ್ಟಿಯ ಕಣ್ಣಲ್ಲಿ ನೀರು.

"ಎಲ್ಲೀ ಹಣ್ಣವ್ವಾ," ಬಸ್ಯಾ ನಾಲಿಗೆಯಿಂದ ಹಲ್ಲು ಸವರಿಕೊಂಡ, "ಹಸೀದೈತಿ. ಹುರದೂ ಇದ್ದಿಲ್ಲ."