ಟೆರೇಸ್ ಮೇಲೆ ಮೆಣಸಿನ ಎಲೆ ಮುದುಡಿದೆ, ಟೊಮೆಟೊ ಬಾಡಿದೆ. ಏನು ಮಾಡಲಿ?

ಪ್ರಶ್ನೆ (ರಾಜಾಜಿನಗರ): ನಮಸ್ಕಾರ ಮೇಡಂ. ಟೆರೇಸ್ ಮೇಲೆ ಇಪ್ಪತ್ತು ಗ್ರೋ ಬ್ಯಾಗ್ ಇಟ್ಟಿದ್ದೇನೆ. ಯುಗಾದಿ ಕಳೆದ ಮೇಲೆ ಮೆಣಸಿನ ಗಿಡದ ಎಲೆಗಳೆಲ್ಲ ಮುದುಡಿ ಹೂವು ಉದುರುತ್ತಿದೆ. ಬೇವಿನ ಎಣ್ಣೆಯನ್ನು ನೀರಿಗೆ ಹಾಕಿ ಹೊಡೆದೆ, ಏನೂ ಆಗಲಿಲ್ಲ. ಎರಡು ಟೊಮೆಟೊ ಗಿಡಗಳು ಹಸಿರಾಗಿದ್ದ ಹಾಗೇ ಮೂರೇ ದಿನದಲ್ಲಿ ಬಾಡಿ ಹೋದವು. ನೀರು ಜಾಸ್ತಿ ಹಾಕಿದರೂ ಏಳಲಿಲ್ಲ. ಅತ್ತೆಯವರು ಮಜ್ಜಿಗೆ ಹಾಕು ಎನ್ನುತ್ತಾರೆ. ನರ್ಸರಿಯಲ್ಲಿ ಒಂದು ಔಷಧಿ ಬಾಟಲಿ ಕೊಟ್ಟಿದ್ದಾರೆ, ಇನ್ನೂ ತೆರೆದಿಲ್ಲ.

ಉತ್ತರ: ತೆರೆಯದೆ ಇದ್ದದ್ದು ಒಳ್ಳೆಯದಾಯಿತು ಅಮ್ಮ. ಎರಡೂ ಗಿಡಗಳ ಕಾಯಿಲೆ ಬೇರೆ ಬೇರೆ, ಒಂದೇ ಔಷಧಿ ಎರಡಕ್ಕೂ ಆಗುವುದಿಲ್ಲ.

ಮೊದಲು ಮೆಣಸಿನಕಾಯಿ. ಎಲೆ ಯಾವ ಕಡೆ ಮುದುಡಿದೆ ನೋಡಿ. ಅಂಚು ಮೇಲಕ್ಕೆದ್ದು ದೋಣಿಯ ಹಾಗಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು. ಕೆಳಕ್ಕೆ ಮಡಚಿ ದೋಣಿ ಬೋರಲು ಬಿದ್ದ ಹಾಗಿದ್ದು, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ತೀರಾ ಚಿಕ್ಕದಾಗಿ, ಹಳದಿ ತಿರುಗಿ, ತುದಿ ಗೊಂಚಲು ಕಟ್ಟಿದ್ದರೆ ಬಿಳಿ ನೊಣ ತಂದ ವೈರಸ್ ಇರಬಹುದು. ವೈರಸ್ ಬಂದ ಗಿಡ ವಾಸಿಯಾಗುವುದಿಲ್ಲ, ಕಿತ್ತುಬಿಡಿ. ಅನುಮಾನ ಇದ್ದರೆ ಒಂದು ಬಿಳಿ ಕಾಗದದ ಮೇಲೆ ಕುಡಿಯನ್ನು ತಟ್ಟಿ. ಸಣ್ಣ ದಾರದ ತುಂಡಿನಂಥ ಹಳದಿ ಹುಳುಗಳು ಓಡಾಡಿದರೆ ಥ್ರಿಪ್ಸ್. ನಮ್ಮ ಊರಿನ ಒಣ ಬಿಸಿಲಲ್ಲಿ ಇವು ಬಹಳ ಬೇಗ ಹೆಚ್ಚುತ್ತವೆ.

ಎಣ್ಣೆ ಕೆಲಸ ಮಾಡದಿರಲು ಕಾರಣ, ಅದು ನೀರಿನಲ್ಲಿ ಬೆರೆಯುವುದಿಲ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಕೆಲವು ಹನಿ ಸೋಪಿನ ದ್ರಾವಣ ಹಾಕಿ, ಆಮೇಲೆ 5 ಮಿ.ಲೀ. ಬೇವಿನ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ. ಸಂಜೆ ಬಿಸಿಲು ಇಳಿದ ಮೇಲೆ, ಎಲೆಯ ಕೆಳಭಾಗಕ್ಕೆ ಹೊಡೆಯಿರಿ. ಹುಳು ಇರುವುದು ಅಲ್ಲೇ ಅಲ್ವಾ! ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ವಾರ ಬಿಡದೆ ಮಾಡಿ. ಮೈಟ್ ನುಸಿಯಾದರೆ ನೀರಿನಲ್ಲಿ ಕರಗುವ ಗಂಧಕ ಹೆಚ್ಚು ಉಪಯೋಗ. ಆದರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, ಎಲೆ ಸುಟ್ಟುಹೋಗುತ್ತದೆ.

ಈಗ ಟೊಮೆಟೊ. ಬಾಡಿದ ಗಿಡದ ಕಾಂಡವನ್ನು ಮಣ್ಣಿನ ಹತ್ತಿರ ಬೆರಳುದ್ದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದು ಬಂದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಬರದಿದ್ದರೆ ಬೇರು ತೆಗೆದು ನೋಡಿ. ಕಂದು ಬಣ್ಣಕ್ಕೆ ತಿರುಗಿ ಕೊಳೆತಿದ್ದರೆ ನೀರು ಜಾಸ್ತಿ ಆಗಿದೆ, ಬ್ಯಾಗಿನ ತೂತು ಮುಚ್ಚಿದೆಯೋ ಏನೋ ನೋಡಿ. ಮಣ್ಣು ಒದ್ದೆ ಇದ್ದೂ ಗಿಡ ಬಾಡಿದರೆ ದಯವಿಟ್ಟು ಇನ್ನಷ್ಟು ನೀರು ಹಾಕಬೇಡಿ. ಎಷ್ಟೋ ಮನೆಗಳಲ್ಲಿ ಗಿಡ ಸತ್ತಿರುವುದನ್ನು ನೋಡಿದ್ದೇನೆ, ಹುಳುವಿಗಿಂತ ನೀರಿನಿಂದಲೇ ಜಾಸ್ತಿ.

ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಸೌತೆ, ಕುಂಬಳದ ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬರುವ ಬೂದಿ ರೋಗಕ್ಕೆ ತೆಳು ಮಜ್ಜಿಗೆ ಸ್ವಲ್ಪ ಮಟ್ಟಿಗೆ ಉಪಯೋಗ. ಬಾಡುವ ಟೊಮೆಟೊಗೆ ಅಲ್ಲ.

ಪ್ರಶ್ನೆ (ರಾಜಾಜಿನಗರ): ಲೋಟದಲ್ಲಿ ಬಿಳಿ ಎಳೆ ಬಂತು ಮೇಡಂ. ನೋಡಿ ಎದೆ ಧಸಕ್ಕೆಂದಿತು. ಉಳಿದ ಗಿಡಗಳ ಗತಿ?

ಉತ್ತರ: ಈ ರೋಗಕ್ಕೆ ಮದ್ದಿಲ್ಲ, ಹರಡದಂತೆ ತಡೆಯಬಹುದು. ಗಿಡವನ್ನು ಮಣ್ಣಿನ ಸಮೇತ ತೆಗೆದುಬಿಡಿ, ಕಾಂಪೋಸ್ಟಿಗೆ ಹಾಕಬೇಡಿ. ಆ ಬ್ಯಾಗಿನಿಂದ ಸೋರಿದ ನೀರು ಪಕ್ಕದ ಬ್ಯಾಗಿಗೆ ಹೋಗದಿರಲಿ. ಕತ್ತರಿಯನ್ನು ಸೋಪು ಹಾಕಿ ತೊಳೆದು ಸ್ಪಿರಿಟ್‌ನಿಂದ ಒರೆಸಿ. ಆ ಮಣ್ಣಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ಹಾಕಬೇಡಿ, ಎಲ್ಲವೂ ಟೊಮೆಟೊ ಕುಟುಂಬದವೇ. ಮುಂದಿನ ಸಲ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಬೀಜ ಹಾಕಿ. ಅದಕ್ಕೆ ಸೊರಗು ರೋಗ ಮತ್ತು ಎಲೆ ಮುದುಡು ವೈರಸ್ ತಡೆದುಕೊಳ್ಳುವ ಶಕ್ತಿ ಇದೆ.

ಪ್ರಶ್ನೆ (ಯಲಹಂಕ): ಮೇಡಂ, ನಮ್ಮ ಹೀರೆ ಬಳ್ಳಿಯಲ್ಲಿ ಪಿಂದೆ ಬಂದು ಹಳದಿಯಾಗಿ ಉದುರುತ್ತದೆ. ಹಣ್ಣು ನೊಣವಾ?

ಉತ್ತರ: ಪಿಂದೆಯನ್ನು ಸೀಳಿ ನೋಡಿ. ಒಳಗೆ ಬಿಳಿ ಹುಳು ಇದ್ದರೆ ಹಣ್ಣು ನೊಣ. ಉದುರಿದ್ದನ್ನೆಲ್ಲ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿಡಿ, ಹೊಸ ಪಿಂದೆಗೆ ಕಾಗದದ ಚೀಲ ತೊಡಿಸಿ. ಹುಳು ಇಲ್ಲದಿದ್ದರೆ ಪರಾಗ ಸೇರಿಲ್ಲ ಎಂದರ್ಥ. ಹೀರೆ ಹೂವು ಅರಳುವುದು ಸಂಜೆ. ಆಗ ಗಂಡು ಹೂವನ್ನು ಕಿತ್ತು, ಬುಡದಲ್ಲಿ ಪುಟ್ಟ ಹೀರೆಕಾಯಿ ಇರುವ ಹೆಣ್ಣು ಹೂವಿಗೆ ಮೃದುವಾಗಿ ಸವರಿ.

ರಾಜಾಜಿನಗರ: ಬಾಟಲಿ ವಾಪಸ್ ಕೊಟ್ಟು ಬಂದೆ ಮೇಡಂ. ಮೆಣಸಿನ ಎಲೆ ಮೇಲಕ್ಕೇ ಮುದುಡಿದೆ, ಕಾಗದದ ಮೇಲೆ ಹುಳುವೂ ಓಡಾಡಿತು. ಇವತ್ತು ಸಂಜೆಯಿಂದಲೇ ಶುರು ಮಾಡುತ್ತೇನೆ. ಅತ್ತೆಯವರೂ ಎಲೆ ತಿರುಗಿಸಿ ಹಿಡಿಯಲು ಬರುತ್ತಾರಂತೆ.